ಮಾಳಿಗೆಯ ಭಾರ ಬಲ್ಲ ಜೈನುದ್ದೀನ ಸಾಹೇಬರು

ನಡುರಾತ್ರಿ ದಾಟಿದ ಮೇಲೆ ಜಂತಿಗಳ ಸಂದಿನಿಂದ ಒಂದು ಚಿಟಿಕೆ ಮಣ್ಣು ಜಾರಿ, ಕೆಳಗಿನ ಕೊಡದ ಮುಚ್ಚಳದ ಮೇಲೆ ಉದುರುವ ಸದ್ದು ಬಹಳ ಸಣ್ಣದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಹಳೆಯ ಓಣಿಗಳಲ್ಲಿ ಮಣ್ಣಿನ ಮಾಳಿಗೆಯ ಕೆಳಗೆ ಮಲಗಿ ಬೆಳೆದವರಿಗೆ ಅದರ ಪರಿಚಯ ಮಾಡಿಕೊಡಬೇಕಾಗಿಲ್ಲ. ಕೆಲವರು ಇಲಿಯೆಂದು ಬಗೆದು ಮಗ್ಗುಲು ಬದಲಿಸುತ್ತಾರೆ, ಕೆಲವರು ಎದ್ದು ದೀಪ ಹಚ್ಚಿ ಮೇಲೆ ನೋಡುತ್ತಾರೆ. ಆ ಸದ್ದಿಗೆ ಅಂಜಿ ಮನೆಯನ್ನೇ ಕೆಡವಬೇಕಾಗಿಲ್ಲ, ಅದನ್ನು ಅಲಕ್ಷಿಸಿ ಮಲಗಲೂಬಾರದು ಎಂಬ ಎರಡು ಮಾತುಗಳನ್ನು ಈ ನಾಲ್ಕು ತಾಲೂಕುಗಳ ಜನರಿಗೆ ಹದಿನಾರು ವರ್ಷ ಕಲಿಸಿದವರು, ಈ ತಿಂಗಳು ನಮ್ಮ ಹಳೆಮನೆ ಪುನರುದ್ಧಾರ ಸಹಕಾರ ಸಂಘದ ಸೇವೆಯಿಂದ ನಿವೃತ್ತರಾಗುತ್ತಿರುವ ಶ್ರೀ ಜೈನುದ್ದೀನ ಕಾಖಂಡಕಿ ಅವರು. ಮನೆ ಕಟ್ಟುವವರು ನಮ್ಮಲ್ಲಿ ಅನೇಕರಿದ್ದಾರೆ. ಕಟ್ಟಿದ ಮನೆಯನ್ನು ಉಳಿಸಿ, ಅದನ್ನು ಬಡವರ ಕೈಗೆಟಕುವ ಬಾಡಿಗೆಯ ಮನೆಯಾಗಿಸಿದವರನ್ನು ಹೆಸರಿಸೆಂದರೆ ನನಗೆ ಇವರ ಹೆಸರಲ್ಲದೆ ಇನ್ನೊಂದು ತೋಚುವುದಿಲ್ಲ.

ಅವರ ಕೆಲಸ ಆರಂಭವಾದದ್ದು ಭಯದ ಕಾಲದಲ್ಲಿ. ೧೯೯೩ರ ಸಪ್ಟೆಂಬರಿನ ಕೊನೆಯಲ್ಲಿ ಕಿಲ್ಲಾರಿಯ ಕಡೆ ಭೂಮಿ ನಡುಗಿ ಊರಿಗೆ ಊರೇ ಮಣ್ಣುಪಾಲಾದ ಸುದ್ದಿ ಬಂದ ಮೇಲೆ, ಇಂಡಿಯಲ್ಲಿ ಜನ ತಿಂಗಳುಗಟ್ಟಲೆ ಅಂಗಳದಲ್ಲಿ ಮಲಗಿದರು. ಕಲ್ಲು ಮಣ್ಣಿನ ಮನೆಯೆಂದರೆ ಗೋರಿ ಎಂಬ ಮಾತು ಹಬ್ಬಿತು. ಅನುಕೂಲವಿದ್ದವರು ಅಜ್ಜಂದಿರು ಕಟ್ಟಿದ ದೊಡ್ಡ ವಾಡೆ ಮನೆಗಳನ್ನು ಕೆಡವಿ ಸಿಮೆಂಟಿನ ಪೆಟ್ಟಿಗೆಗಳನ್ನು ಕಟ್ಟಿಸಿಕೊಂಡರು. ಇಲ್ಲದವರು ತಗಡಿನ ಶೆಡ್ಡು ಹಾಕಿಕೊಂಡು ವೈಶಾಖದ ಬಿಸಿಲಿಗೆ ಬೆಂದರು. ಡಿಪ್ಲೊಮಾ ಮುಗಿಸಿ, ನಡುವಯಸ್ಸು ದಾಟುವವರೆಗೂ ಖಾಸಗಿ ಕಂಟ್ರಾಟುದಾರರ ಬಳಿ ದುಡಿದಿದ್ದ ಜೈನುದ್ದೀನ ಸಾಹೇಬರು ಇಂಡಿಯ ಒಂದು ಬಿಟ್ಟ ವಾಡೆಯ ಮಾಳಿಗೆ ಹತ್ತಿ, ಅದನ್ನು ಅಗೆಸಿ ನೋಡಿದರು. ನಮ್ಮ ಕಡೆ ಪ್ರತಿ ವರ್ಷ ರೋಹಿಣಿ ಮಳೆಗೆ ಮುಂಚೆ, ನೀರು ಇಳಿಯದಂತೆ ಮಾಳಿಗೆಯ ಮೇಲೆ ಕರಲು ಎಂಬ ಬಿಳಿ ಸವುಳು ಮಣ್ಣನ್ನು ಹರವುತ್ತಾರೆ. ಇದಕ್ಕೆ ಮಾಳಿಗೆಗೆ ಮಣ್ಣು ಕೊಡುವುದು ಎನ್ನುತ್ತಾರೆ. ಮಣ್ಣು ಕೊಡದ ಮನೆ ದಿಕ್ಕಿಲ್ಲದ ಮನೆ ಎಂದು ಓಣಿಯವರು ಆಡಿಕೊಳ್ಳುತ್ತಾರೆ. ಆದರೆ ಹೊಸದನ್ನು ಹಾಕುವ ಮುನ್ನ ಹಳೆಯದನ್ನು ಕೆರೆದು ತೆಗೆಯುವ ರೂಢಿ ಎಂದೋ ತಪ್ಪಿಹೋಗಿತ್ತು. ಆ ವಾಡೆಯ ಮೇಲೆ ತಲೆಮಾರುಗಳ ಮಣ್ಣು ಎದೆಮಟ್ಟ ಕೂತಿತ್ತು. “ಮನಿ ಕೊಲ್ಲೂದಿಲ್ಲ, ನಾವು ಅದರ ತಲಿ ಮ್ಯಾಗ ಇಟ್ಟಿದ್ದು ಕೊಲ್ಲತೈತಿ” ಎಂದು ಅವರು ಅಂದು ಹೇಳಿದ ಮಾತೇ ನಮ್ಮ ಸಂಘದ ಹುಟ್ಟಿಗೆ ಕಾರಣವಾಯಿತು.

ಅವರ ವಿಧಾನವನ್ನು ಎರಡು ಮಾತಿನಲ್ಲಿ ಹೇಳಬಹುದು. ಮಾಳಿಗೆಯ ಹಳೆಯ ಮಣ್ಣಿಳಿಸಿ ತೆಳುವಾದ, ಗಟ್ಟಿಯಾದ ಹೊಸ ಪದರು ಹಾಕುವುದು; ಗೋಡೆಗಳನ್ನು ಮರದ ಪಟ್ಟಿಯಿಂದ ಸುತ್ತ ಬಿಗಿಯುವುದು. ಹೊಸ ಸಾಮಾನು ಕಡಿಮೆ, ಹಳೆಯದು ಹೆಚ್ಚು. ಹಳೆಯ ಕೊಲ್ಹಾರ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ ಜನ ಹೊಸ ಊರಿಗೆ ಹೋದಾಗ, ಬಿಟ್ಟ ಮನೆಗಳ ಸಾಗವಾನಿ ಕಂಬಗಳನ್ನೂ ತೊಲೆಗಳನ್ನೂ ಲಾರಿಯಲ್ಲಿ ತರಿಸಿದರು. ಆ ಊರಿನ ಹಿರಿಯರೊಬ್ಬರು ತಮ್ಮ ಮನೆಯ ಕಂಬ ಸಿಂದಗಿಯ ಓಣಿಯಲ್ಲಿ ಒಬ್ಬ ಹೂಗಾರನ ಪಡಸಾಲೆಯನ್ನು ಹೊತ್ತು ನಿಂತದ್ದನ್ನು ನೋಡಲು ಬಂದು, ಕಂಬಕ್ಕೆ ಬೆನ್ನು ಕೊಟ್ಟು ಬಹಳ ಹೊತ್ತು ಕೂತು, ಚಹಾ ಕುಡಿದು ಹೋದದ್ದನ್ನು ನಾನು ಕಂಡಿದ್ದೇನೆ.

ನಾನು ಸಂಘಕ್ಕೆ ಸೇರಿದ್ದು ೧೯೯೫ರಲ್ಲಿ, ಬಿ.ಎ. ಮುಗಿಸಿದ ಮರುವರ್ಷ. ದುರಸ್ತಿಯಾಗುವ ಮನೆಯಲ್ಲಿ ವಾಸಿಸುತ್ತ, ಅಲ್ಲಿಯ ಕುಟುಂಬಗಳೊಡನೆ ಸಂಘದ ಪರವಾಗಿ ಮಾತಾಡುವ ಕೆಲಸ ಅದು. ಸಂದರ್ಶನದ ದಿನ ನಾನು ಕುರ್ಚಿಯಲ್ಲಿ ಕೂರುವ ಮೊದಲು ತಲೆಯೆತ್ತಿ ತೊಲೆಯನ್ನು ನೋಡಿದೆನೆಂದು ಸದಸ್ಯರೊಬ್ಬರು ನಕ್ಕರು. ಜೈನುದ್ದೀನ ಸಾಹೇಬರು ಮಾತ್ರ, “ನಗಬ್ಯಾಡ್ರಿ. ಹಳೀ ಮನಿಗೆ ಅಂಜೋರು ಒಬ್ಬರರ ಬೇಕು” ಎಂದರು. ಮುಂದೆ ಯಾವ ಸದ್ದಿಗೆ ಅಂಜಬೇಕು, ಯಾವುದಕ್ಕೆ ಬೇಡ ಎಂಬುದನ್ನು ಅವರೇ ಕಲಿಸಿದರು. ಮಣ್ಣು ಒಂದೇ ಕಡೆ ಉದುರಿದರೆ ಇಲಿ ಅಥವಾ ಗೆದ್ದಲು, ತೊಲೆಯ ಉದ್ದಕ್ಕೂ ಸಾಲಾಗಿ ಉದುರಿದರೆ ತೊಲೆ ಬಾಗುತ್ತಿದೆ ಎಂದರ್ಥ. ನಾನು ಜ್ವರದಲ್ಲಿ ಮಲಗಿದ್ದಾಗ ಅವರ ಪತ್ನಿ ಬಾನುಬಿಯವರು ಗಂಜಿಯ ಡಬ್ಬಿ ಹಿಡಿದು ಬಂದು ಮೂರು ದಿನ ನನ್ನ ಕೋಣೆಯಲ್ಲಿ ಉಳಿದದ್ದನ್ನು, ಮನೆಯವರು ನನ್ನನ್ನು ಕೆಲಸ ಬಿಡಿಸಲು ಬಂದಾಗ ಸಾಹೇಬರು ನನ್ನ ತಂದೆಯವರನ್ನು ಕರೆದುಕೊಂಡು ಒಂದೊಂದು ಮನೆಯನ್ನೂ ತೋರಿಸಿ, “ನಿಮ್ಮ ಮಗಳು ಕಾಯೂ ಮನಿ ಇವು” ಎಂದು ಹೇಳಿ ಕಳಿಸಿದ್ದನ್ನು ಇಲ್ಲಿ ಸ್ಮರಿಸದಿದ್ದರೆ ಈ ಲೇಖನಕ್ಕೆ ಅರ್ಥವಿಲ್ಲ.

ಆದರೆ ಅವರ ಬಗ್ಗೆ ಬರೆಯುವ ಯಾರೂ ಬಾಗೇವಾಡಿಯ ಮನೆಯನ್ನು ದಾಟಿ ಹೋಗಲಾರರು. ೨೦೦೧ರಲ್ಲಿ ಬಸವನ ಬಾಗೇವಾಡಿಯಲ್ಲಿ ಅವರು ದುರಸ್ತಿ ಮಾಡಿದ ಮನೆಯೊಂದರ ಮಾಳಿಗೆ ಬಿದ್ದಿತು; “ತಪ್ಪು ನನ್ನ ಲೆಕ್ಕದ್ದು” ಎಂದು ಅವರೇ ಸಂಘದ ಮುಂದೆ ಒಪ್ಪಿಕೊಂಡರು. ಇಷ್ಟು ಎಲ್ಲರಿಗೂ ಗೊತ್ತು. ಉಳಿದದ್ದನ್ನು ಬರೆಯಲು ಈ ಅಭಿನಂದನ ಸಂಪುಟದ ಹೊರತು ಬೇರೆ ಸ್ಥಳವಿಲ್ಲ.

ಅದು ಅವರಿಗೆ ಅತ್ಯಂತ ಪ್ರಿಯವಾದ ಮನೆಯಾಗಿತ್ತು. ಕತ್ತಲು ತುಂಬಿದ್ದ ನಡುಮನೆಯ ಗೋಡೆಯೊಂದನ್ನು ತೆಗೆದು, ಅದರ ಜಾಗದಲ್ಲಿ ಕೊಲ್ಹಾರದ ತೊಲೆಯನ್ನು ಎರಡು ಕಂಬಗಳ ಮೇಲೆ ಕೂರಿಸಿ, ಬೆಳಕು ಗಾಳಿ ಬರುವ ಅಗಲವಾದ ಪಡಸಾಲೆ ಮಾಡಿದ್ದರು. ತೆಳುವಾದ ಮಾಳಿಗೆಗೆ ಆ ತೊಲೆ ಧಾರಾಳವಾಗಿ ಸಾಕಾಗಿತ್ತು. ತಗಡಿನ ಶೆಡ್ಡುಗಳಲ್ಲಿದ್ದ ಐದು ಕುಟುಂಬಗಳು ಯುಗಾದಿಗೆ ಅಲ್ಲಿಗೆ ಬಂದವು. ಅವರಲ್ಲಿ ಹಿರಿಯಳು ಇಂಗಳೇಶ್ವರದ ಕಡೆಯ ಯಲ್ಲವ್ವ, ಕೂಲಿ ಮಾಡಿ ಒಬ್ಬಳೇ ಮಗಳನ್ನು ಬೆಳೆಸಿದ ವಿಧವೆ. ಮಗಳು ಸಿದ್ದಲಿಂಗವ್ವ ಚೊಚ್ಚಲ ಬಸುರಿಯಾಗಿ ತವರಿಗೆ ಬಂದಿದ್ದಳು. ಈ ವರ್ಷ ಮಾಳಿಗೆಗೆ ಏನೂ ಹಾಕುವುದು ಬೇಡವೆಂದು ಸಾಹೇಬರು ಎಲ್ಲರಿಗೂ ಹೇಳಿ, ಮುದ್ದೇಬಿಹಾಳದ ಕೆಲಸಕ್ಕೆ ಹೋದರು. ನನ್ನನ್ನು ಹದಿನೈದು ದಿನದ ಮಟ್ಟಿಗೆ ಇಂಡಿಗೆ ಕಳಿಸಿದ್ದರು.

ನಾನು ಮರಳಿದ ದಿನ ಮೃಗಶಿರ ಮಳೆ ಹಿಡಿದು ಎರಡು ದಿನವಾಗಿತ್ತು. ಆ ರಾತ್ರಿ ಪಡಸಾಲೆಯಿಂದ ನನಗೆ ಆ ಸದ್ದು ಕೇಳಿಸಿತು. ದೀಪ ಹಿಡಿದು ನೋಡಿದೆ. ಮಣ್ಣು ತೊಲೆಯ ಉದ್ದಕ್ಕೂ ಗೆರೆ ಎಳೆದಂತೆ ಬಿದ್ದಿತ್ತು. ಬೆಳಗಾದೊಡನೆ ಟೆಲಿಫೋನ್ ಅಂಗಡಿಗೆ ಹೋಗಿ, ಮುದ್ದೇಬಿಹಾಳದಲ್ಲಿ ಸಾಹೇಬರಿದ್ದ ಕಡೆ ಫೋನ್ ಹಚ್ಚಿ, ಅವರನ್ನು ಕರೆಸಿ ವಿಷಯ ಹೇಳಿದೆ.

“ಒಂದ ಕಡೆ ಉದರೇತೋ, ಸಾಲಾಗೋ?” ಎಂದು ಕೇಳಿದರು.

“ಸಾಲಾಗಿರಿ.”

“ಮಂದಿನ್ನ ಏನರ ನೆವ ಹೇಳಿ ಹೊರಗ ಇಡು. ಬಂದೆ” ಎಂದರು.

ಅಂದು ಸಿದ್ದಲಿಂಗವ್ವನ ಕುಬಸ, ಚೊಚ್ಚಲ ಬಸುರಿಗೆ ಉಡಿ ತುಂಬುವ ದಿನ. ಬೀಗರು ಬಂದಿದ್ದರು. ಹೊರಗೆ ಮಳೆ, ಒಳಗೆ ಹೋಳಿಗೆಯ ಹಂಚು. ಮಾಳಿಗೆ ಮಣ್ಣು ಉದುರಿಸುತ್ತಿದೆ, ಪಡಸಾಲೆಯಲ್ಲಿ ಕೂರುವುದು ಬೇಡ ಎಂದು ನಾನು ಯಲ್ಲವ್ವನ ಬೆನ್ನು ಬಿದ್ದೆ. “ದಾನೇಶ್ವರಿ, ನೀ ಬೆಕ್ಕ ಸೀನಿದ್ರೂ ಅಂಜತಿ” ಎಂದು ಆಕೆ ನಕ್ಕಳು. “ಇಷ್ಟ ಛಂದ ಪಡಸಾಲಿ ಬಿಟ್ಟು ಬೀಗರನ್ನ ಮಳಿಯಾಗ ಕುಂದರಸಲೇನು?” ಹೂ ಮಾರುವ ನೆರೆಯ ಪೀರಬಿ ಬಸುರಿಯ ಹೆರಳಿಗೆ ಮೊಗ್ಗಿನ ಜಡೆ ಹೆಣೆಯುತ್ತ, “ಈಕೀಗ ಮದಲ ಮದಿವಿ ಮಾಡ್ರಿ, ಅಂಜಿಕಿ ತಾನ ಹೋಗತೈತಿ” ಎಂದು ಸೇರಿಸಿದಳು. ಎಲ್ಲರೂ ನಕ್ಕರು. ನನಗೆ ಅಳು ಬಂತು.

ಮಧ್ಯಾಹ್ನ ಆರತಿಗೆ ಕೂತ ಹೊತ್ತಿಗೆ ಜೈನುದ್ದೀನ ಸಾಹೇಬರು ಬಂದರು. ಆರು ವರ್ಷದಲ್ಲಿ ನಾನು ಅವರ ಬಾಯಲ್ಲಿ ಒಂದು ಗಡಸು ಮಾತು ಕೇಳಿರಲಿಲ್ಲ. ಯಾರ ಹೊಸ್ತಿಲನ್ನೂ ಅವರು ಕಾಲ್ಮರಿ ಬಿಡದೆ ದಾಟಿದವರಲ್ಲ. ಅಂದು ಕೆಸರು ಮೆತ್ತಿದ ಕಾಲ್ಮರಿಯಲ್ಲೇ ನೇರ ಪಡಸಾಲೆಗೆ ನಡೆದು, ಒಮ್ಮೆ ತೊಲೆಯತ್ತ ನೋಡಿ, ಕುಬಸದ ತಾಟನ್ನು ಕಾಲಿನಿಂದ ಒದ್ದರು. ಅಕ್ಕಿ, ಅರಿಷಿಣ, ಉಡಿ ಸಾಮಾನು ಜಮಖಾನೆಯ ತುಂಬ ಚೆಲ್ಲಿದವು.

“ಎದ್ದ ನಡೀರಿ ಎಲ್ಲಾರೂ. ಯಾರನ್ನ ಕೇಳಿ ಇಲ್ಲಿ ಊಟ ಇಟಗೊಂಡೀರಿ? ನಿಮ್ಮಂಥಾ ಹೊಲಸ ಮಂದಿಗೆ ಮನಿ ಕೊಟ್ಟಿದ್ದ ನಮ್ಮ ತಪ್ಪು” ಎಂದರು.

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಹೆಂಗಸರು ಹಾಡು ನಿಲ್ಲಿಸಿದ ಬಾಯಿ ತೆರೆದಂತೆಯೇ ಕೂತಿದ್ದರು. ಸಿದ್ದಲಿಂಗವ್ವನ ಗಂಡ ಭೀಮಶ್ಯಾ ಎದ್ದು ಬಂದು ಅವರ ಕಾಲರು ಹಿಡಿದ. “ಬಾಯಿ ಬಿಗಿ ಹಿಡದ ಮಾತಾಡ್ರಿ ಸಾಹೇಬ್ರ. ಕುಬಸದ ತಾಟಿಗೆ ಒದ್ದ ಕಾಲು ಮುರಿತೇನಿ.”

“ಗಂಡಸಾಗಿದ್ರ ಅಂಗಳಕ್ಕ ಬಂದು ಮುರಿ” ಎಂದರು ಸಾಹೇಬರು. “ಹೆಂಗಸರ ನಡುವ ನಿಂತು ಜೋರ ಮಾಡಬ್ಯಾಡ.”

ಅವನು ಅವರನ್ನು ಎಳೆದುಕೊಂಡೇ ಅಂಗಳಕ್ಕೆ ಹೋದ. ಬಿಡಿಸಲು ಬೀಗರು ಹೋದರು. ಯಲ್ಲವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ, “ನಿಲ್ಲೋ ಭೀಮಶ್ಯಾ, ಮದಲ ನಾ ಎರಡ ಮಾತ ಕೇಳತೇನಿ” ಎನ್ನುತ್ತ ಹೋದಳು. ಅಮ್ಮನ ಹಿಂದೆ ಮಗಳು, ಮಗಳನ್ನು ಹಿಡಿದುಕೊಂಡು ಪೀರಬಿ, ನೋಡಲೆಂದು ಉಳಿದವರೆಲ್ಲ. ಮಳೆಯಲ್ಲಿ ನಿಂತು ಅವರು ಬೈದ ಬೈಗುಳಗಳನ್ನು ಅಭಿನಂದನ ಗ್ರಂಥದಲ್ಲಿ ಬರೆಯಲು ಬಾರದು. ಸಾಹೇಬರು ಒಂದಕ್ಕೂ ಉತ್ತರ ಕೊಡದೆ ಬಾಗಿಲಿನಿಂದ ಹೊರಬರುವ ತಲೆಗಳನ್ನು ಎಣಿಸುತ್ತಿದ್ದರು. ಭೀಮಶ್ಯಾನ ಕೈ ಅವರ ಕೆನ್ನೆಗೆ ಬಿದ್ದಾಗಲೂ ಅವರ ಕಣ್ಣು ಬಾಗಿಲ ಮೇಲೆಯೇ ಇತ್ತು.

ಆಗ ಒಳಗೆ ಕಟ್ಟಿಗೆ ಸೀಳಿದಂಥ ಶಬ್ದವಾಯಿತು. ಪಡಸಾಲೆಯ ಮಾಳಿಗೆ ಒಂದೇ ಸಲಕ್ಕೆ ಕೂತುಕೊಂಡಿತು. ಬಾಗಿಲಿನಿಂದ ಧೂಳಿನ ಮೋಡ ಹೊರಬಂದು ಮಳೆಯಲ್ಲಿ ಕರಗಿತು. ಭೀಮಶ್ಯಾ ತನ್ನ ಕೈಯನ್ನೇ ನೋಡುತ್ತ ಕೆಸರಲ್ಲಿ ಕೂತುಬಿಟ್ಟ.

“ಬೀಳತೈತಿ ಅಂತ ಹೇಳಿದ್ರ ಎಲ್ಲಾರೂ ತಮ್ಮ ತಮ್ಮ ಸಾಮಾನ ತಗೋಳಾಕ ಒಳಗ ಓಡ್ತಿದ್ರು” ಎಂದು ಸಾಹೇಬರು ಆಮೇಲೆ ನನಗೆ ಹೇಳಿದರು. “ಸಿಟ್ಟು ಬಂದ ಮನಶ್ಯಾಗ ಸಾಮಾನ ನೆನಪಾಗೂದಿಲ್ಲ.”

ಸಂಜೆ ಮಳೆ ನಿಂತ ಮೇಲೆ ನಾವಿಬ್ಬರೂ ಏಣಿ ಹಾಕಿ ಉಳಿದರ್ಧ ಮಾಳಿಗೆಯನ್ನು ನೋಡಿದೆವು. ಮುರಿದ ಅಂಚಿನಲ್ಲಿ ಪದರುಗಳು ಸ್ಪಷ್ಟವಾಗಿದ್ದವು. ಕೆಳಗೆ ಸಾಹೇಬರ ತೆಳುವಾದ ಪದರು; ಅದರ ಮೇಲೆ ಅದರ ಮೂರರಷ್ಟು ದಪ್ಪದ ಹೊಚ್ಚ ಹೊಸ ಕರಲು, ಎರಡು ದಿನದ ಮಳೆ ಕುಡಿದು ಹಿಟ್ಟಿನಂತಾಗಿತ್ತು. ನಾವಿಬ್ಬರೂ ಇಲ್ಲದ ದಿನಗಳಲ್ಲಿ ಆ ಐದು ಮನೆಯವರು ಬಂಡಿಗಟ್ಟಲೆ ಮಣ್ಣು ತಂದು, ಹಾಡುತ್ತ ಬುಟ್ಟಿ ಹೊತ್ತು ಹಾಕಿದ್ದರು. ಸಾಹೇಬರ ಮಾಳಿಗೆ ಹಪ್ಪಳದಂತಿದೆ, ಸೋರುತ್ತದೆ ಎಂದು ಓಣಿಯವರು ಆಡಿಕೊಂಡಿದ್ದರಂತೆ. ಅವರ ಹೆಸರಿಗೆ ಕುಂದು ಬರಬಾರದೆಂದು, ಬಂದಾಗ ನೋಡಿ ಸಂತೋಷಪಡಲಿ ಎಂದು, ಮಾಡಿದ ಕೆಲಸ ಅದು. ಮುಂದಾಳು ಯಲ್ಲವ್ವ. ಜನ್ಮದಲ್ಲಿ ಮೊದಲ ಸಲ ಮಣ್ಣು ಕೊಡಲು ಆಕೆಗೆ ಒಂದು ಮಾಳಿಗೆ ಸಿಕ್ಕಿತ್ತು.

ಸಾಹೇಬರು ಕೆಳಗಿಳಿದು ಸಲಿಕೆ ತೆಗೆದುಕೊಂಡು, ಸಂಘದವರು ಬರುವ ಮುನ್ನ ಆ ಮೇಲಿನ ಪದರನ್ನು ತಾವೇ ಕೆಡವಿ ರಾಡಿಯಲ್ಲಿ ಬೆರೆಸಿದರು. ನಾನು ಬೆರಗಾಗಿ, ಹೀಗೇಕೆ ಮಾಡುತ್ತೀರಿ ಎಂದೆ.

“ಮಗಳ ಕುಬಸದ ದಿನ ಆಕಿ ನೆತ್ತಿ ಮ್ಯಾಲ ತಾನ ಮಣ್ಣ ಹೊರಸಿದ್ಲು ಅಂತ ಗೊತ್ತಾದ್ರ ಆ ಮುದುಕಿ ಜೀವ ಇಟಗೋತಾಳೇನು?” ಎಂದರು. “ನನ್ನ ಲೆಕ್ಕ ತಪ್ಪಿತು. ಅಷ್ಟ.”

ಅದರ ಬೆಲೆಯನ್ನು ಅವರು ಪೂರ್ತಿ ತೆತ್ತರು. ಮೂರು ವರ್ಷ ಯಾವ ನಕ್ಷೆಗೂ ಸಹಿ ಹಾಕುವ ಅಧಿಕಾರ ಅವರಿಗಿರಲಿಲ್ಲ. ಅವರಿಗಿಂತ ಕಿರಿಯರು ಮೇಲೇರಿದರು. ಆ ಮಾಳಿಗೆಯನ್ನು ಮತ್ತೆ ಹೊಂದಿಸಿದ್ದು ತಮ್ಮ ರಜೆಯ ದಿನಗಳಲ್ಲಿ. ಮಾಳಿಗೆ ಬಿದ್ದ ಮರುವಾರವೇ ಯಲ್ಲವ್ವ ಅವರನ್ನು ಕೈಹಿಡಿದು ಕೂರಿಸಿ, ಹೋಳಿಗೆ ಬಡಿಸಿ, “ಲೆಕ್ಕ ಯಾರದ ತಪ್ಪೂದಿಲ್ಲ ಹೇಳ್ರಿ. ನಾವೇನ ಮನಸಿನಾಗ ಇಟಗೊಂಡಿಲ್ಲ” ಎಂದು ಕ್ಷಮಿಸಿದಳು. ಸಾಹೇಬರು ತಲೆ ತಗ್ಗಿಸಿ ಕ್ಷಮೆಯನ್ನೂ ಹೋಳಿಗೆಯನ್ನೂ ಸ್ವೀಕರಿಸಿದರು.

ಯಲ್ಲವ್ವ ಹೋದ ವರ್ಷ ತೀರಿಕೊಂಡಳು. ಈ ಸಂಪುಟಕ್ಕೆ ಬರೆಯುವ ಮೊದಲು ನಾನು ಸಿದ್ದಲಿಂಗವ್ವನಿಗೆ ಎಲ್ಲವನ್ನೂ ಹೇಳಿ, ಬರೆಯಲೋ ಬೇಡವೋ ಎಂದು ಕೇಳಿದೆ. ಆಕೆ ಸೆರಗಿನ ಚುಂಗನ್ನು ಸುತ್ತುತ್ತ, “ಬರೀರಿ ಅಕ್ಕಾರ. ಅವ್ವ ಇದ್ದಾಗ ಬ್ಯಾಡಾಗಿತ್ತು. ಈಗ ಅವರ ಹೆಸರಿನ ಮ್ಯಾಗಿನ ಮಣ್ಣ ತಗೀರಿ” ಎಂದಳು. ಪೀರಬಿಗೂ ಉಳಿದ ಮನೆಯವರಿಗೂ ಓದಿ ತೋರಿಸಿ, ಒಪ್ಪಿಗೆ ಪಡೆದೇ ಇದನ್ನು ಅಚ್ಚಿಗೆ ಕೊಟ್ಟಿದ್ದೇನೆ. ಸಾಹೇಬರಿಗೆ ಇದು ಹಿಡಿಸಲಾರದೆಂದು ಬಲ್ಲೆ. ಸೇವಾಪುಸ್ತಕದಲ್ಲಿ ಒಂದು ಮನೆ ಬಿದ್ದ ಮಾತು ಮಾತ್ರ ಉಳಿದು ಅವರು ನಿವೃತ್ತರಾಗುವುದು ನನಗೆ ಸಹ್ಯವಾಗಲಿಲ್ಲ.

ಜೈನುದ್ದೀನ ಸಾಹೇಬರೂ ಬಾನುಬಿಯವರೂ ನೂರು ಮುಂಗಾರು ಕಾಣಲಿ. ನಿವೃತ್ತಿಯ ಮಾತು ಕಚೇರಿಗಷ್ಟೇ ಇರಲಿ. ಈ ನಾಲ್ಕು ಊರುಗಳ ಓಣಿಗಳಲ್ಲಿ ಇನ್ನೂ ಎಷ್ಟೋ ವಾಡೆಗಳು ಬೀಗ ಹಾಕಿಕೊಂಡು ಅವರ ದಾರಿ ನೋಡುತ್ತಿವೆ, ಎಷ್ಟೋ ಕುಟುಂಬಗಳು ತಗಡಿನ ಕೆಳಗೆ ಕೂತು ಆ ಬೀಗಗಳ ಕಡೆ ನೋಡುತ್ತಿವೆ. ಈ ಹಾರೈಕೆಯನ್ನು ನನಗಿಂತ ಹೆಚ್ಚಿನ ಅಧಿಕಾರದಿಂದ ಮಾಡಬಹುದಾಗಿದ್ದವಳು ಯಲ್ಲವ್ವ. ಆದ್ದರಿಂದ ಆಕೆಯ ಸಂಗತಿಯೊಂದನ್ನು ಹೇಳಿ ಮುಗಿಸುತ್ತೇನೆ.

೨೦೦೬ರ ಬೇಸಿಗೆ. ಬಾಗೇವಾಡಿಯ ಇನ್ನೊಂದು ವಾಡೆ ಸಿದ್ಧವಾಗಿತ್ತು. ಆ ದುರ್ಘಟನೆಯ ನಂತರ ಸಾಹೇಬರು ಒಂದು ಹೊಸ ಪದ್ಧತಿ ತಂದಿದ್ದರು. ಮನೆ ಸೇರುವವರೆಲ್ಲ ಒಣ ಕರಲಿನ ಬುಟ್ಟಿಯೊಂದನ್ನು ಎತ್ತಬೇಕು, ಆಮೇಲೆ ಅದೇ ಮಣ್ಣಿಗೆ ನೀರು ಕುಡಿಸಿ ಮತ್ತೆ ಎತ್ತಬೇಕು. ಹೊಸಬರಿಗೆ ತೋರಿಸಿಕೊಡಲು ನಾನು ಯಲ್ಲವ್ವನನ್ನು ಕರೆದಿದ್ದೆ. ಒಣ ಬುಟ್ಟಿಯನ್ನು ಆಕೆ ನಗುತ್ತ ತಲೆಗೇರಿಸಿದಳು. ಹಸಿ ಬುಟ್ಟಿಯನ್ನು ಮೊಣಕಾಲತನಕ ಎತ್ತಿ, ಕೆಳಗಿಟ್ಟು, ಅದರ ಪಕ್ಕ ಕೂತುಬಿಟ್ಟಳು.

“ದಾನೇಶ್ವರಿ” ಎಂದಳು. “ನಾವ ಅವತ್ತ ಹಾಕಿದ ಮಣ್ಣ ನೀ ನೋಡಿದ್ದಿ ಹೌದಿಲ್ಲೋ?”

ನಾನು ಹಸಿ ಬುಟ್ಟಿಯ ಕಡೆ ನೋಡಿದೆ. ಆಕೆಗೆ ಅಷ್ಟು ಸಾಕಾಯಿತು. “ನಡಿ, ಅವರಿಗೆ ಹೇಳತೇನಿ. ಸಂಘದವರ ಮುಂದೂ ಹೇಳತೇನಿ” ಎಂದು ಎದ್ದು, ಮಣ್ಣಿನ ಕೈಯಲ್ಲೇ ಒಳಗೆ ಹೊರಟಳು.

ಪಡಸಾಲೆಯಲ್ಲಿ ಸಾಹೇಬರು ತರಬೇತಿಗೆ ಬಂದ ಹೊಸ ಇಂಜಿನಿಯರುಗಳ ಮುಂದೆ ನಿಂತಿದ್ದರು. “ಇದ ಊರಾಗ ನನ್ನ ಲೆಕ್ಕ ತಪ್ಪಿ ಒಂದು ಮಾಳಗಿ ಬಿತ್ತು” ಎನ್ನುತ್ತಿದ್ದರು. “ಕೆಳಗ ಒಬ್ಬಾಕಿ ಬಸರಿ ಕುಂತಿದ್ಲು.”

“ಎಲ್ಲಿ ತಪ್ಪಿತ್ರಿ ಸರ?” ಎಂದು ಅವರಲ್ಲೊಬ್ಬಳು ಕೇಳಿದಳು.

“ಮನಿ ಸಿಕ್ಕ ಮಂದಿ ಅದರ ಮ್ಯಾಲ ಎಷ್ಟು ಜೀವ ಇಟಗೋತಾರ ಅನ್ನೂದನ್ನ ನಾ ಲೆಕ್ಕಕ್ಕ ಹಿಡದಿರಲಿಲ್ಲ. ನೀವು ಹಿಡೀರಿ. ತೊಲಿ ಅಷ್ಟು ದಪ್ಪ ಇಡ್ರಿ.”

ಹುಡುಗಿ ಅದನ್ನು ಬರೆದುಕೊಂಡಳು.

ಯಲ್ಲವ್ವ ಬಾಗಿಲ ಚೌಕಟ್ಟಿಗೆ ಕೈಯಿಟ್ಟು ನಿಂತೇ ಇದ್ದಳು. ನಾನು ಆಕೆಯ ಮುಖ ನೋಡಲಾರದೆ ನೆಲ ನೋಡಿದೆ. ಸ್ವಲ್ಪ ಹೊತ್ತಿಗೆ ಆಕೆ ನನ್ನ ತೋಳು ಹಿಡಿದು ಅಂಗಳಕ್ಕೆ ಕರೆತಂದು, ತೊಟ್ಟಿಯ ನೀರಿನಲ್ಲಿ ಕೈ ತೊಳೆದುಕೊಂಡು, ಸೆರಗಿಗೆ ಒರೆಸಿಕೊಂಡಳು. ಸಾಹೇಬರು ಹೊರಗೆ ಬಂದು, ಏನು ಯಲ್ಲವ್ವ, ಬುಟ್ಟಿ ಎತ್ತಿದೆಯಾ ಎಂದು ವಿಚಾರಿಸಿದರು.

“ಎತ್ತಿದ್ನಿರಿ. ಭಾಳ ವಜ್ಜಿ ಐತಿ” ಎಂದಳು ಯಲ್ಲವ್ವ. “ಈ ಸಲನರ ಲೆಕ್ಕ ಬರೋಬರಿ ಮಾಡೀರಿಲ್ಲೋ?”

“ಮಾಡೇನಿ” ಎಂದು ಸಾಹೇಬರು ನಕ್ಕರು.

ಆಕೆಯೂ ನಕ್ಕಳು. ಅವರು ಒಳಗೆ ಹೋದ ಮೇಲೆ ನನ್ನ ಕಡೆ ತಿರುಗಿ, “ಅವರು ಯಾರ ಮುಂದೂ ಆಡಿಲ್ಲ. ನಾನೂ ಆಡೂದಿಲ್ಲ” ಎಂದಳು.